ಹಳ್ಳದವರೆಗೆ

"ಎನೋಸ್ ಈ ಗೋಡೆಯ ಹೊರಗಿರುವ ತನಕ ನಾನೂ ಇದರ ಒಳಗೆ ಮಲಗುವುದಿಲ್ಲ" ಎಂದು ವಕೀಲ ಅಸಾಹೆಲ್ ಥ್ರಾಲ್ ಸ್ಮಶಾನದ ಗೋಡೆಯ ಬಳಿ ನಿಂತು ಮಾತು ಕೊಟ್ಟು ಮೂವತ್ತನಾಲ್ಕು ವರ್ಷವಾಗಿತ್ತು. ಆ ಮಾತನ್ನು ಕಿವಿಯಾರೆ ಕೇಳಿದವರು ಇಬ್ಬರೇ. ಒಬ್ಬಳು ಎನೋಸನ ತಾಯಿ; ಈ ಬೆಳಿಗ್ಗೆ ಇದೇ ಮನೆಯ ಅಡುಗೆಕೋಣೆಯಲ್ಲಿ, ಸಾವಿಗೆ ಬಂದವರ ತಟ್ಟೆ ತೊಳೆಯುತ್ತಿದ್ದಳು. ಇನ್ನೊಬ್ಬಳು ವಕೀಲನ ಹೆಂಡತಿ ಜಿಲ್ಫಾ. ಮುಂದಿನ ಕೋಣೆಯಲ್ಲಿ ಶವದ ಪೆಟ್ಟಿಗೆಯ ಮೇಲೆ ಬಾಗಿ ಗಂಡನ ಕೊರಳಪಟ್ಟಿಯ ಜೊತೆ ಗುದ್ದಾಡುತ್ತಿದ್ದಳು.

ಗಂಜಿ ಹಾಕಿದ ಪಟ್ಟಿ. ಯಾವಾಗಲೋ ಗುಂಡಿ ಕಳಚಿ, ಒಂದು ಕಿವಿಯ ಕಡೆಗೆ ಎದ್ದು ನಿಂತಿತ್ತು.

"ಇವತ್ತಾದ್ರೂ ನೆಟ್ಟಗಿರಬಾರದಾ ನೀವು" ಎಂದಳು ಜಿಲ್ಫಾ.

ಬದುಕಿದ್ದಾಗ ಅವನು ಕೂತದ್ದನ್ನು ಕಂಡವರು ಡ್ರೇಟನ್ ಊರಿನಲ್ಲಿ ಕಡಿಮೆ. ಕೋರ್ಟಿನಲ್ಲಿ ನಡೆಯುತ್ತ ವಾದಿಸುತ್ತಿದ್ದ, ಊಟವನ್ನು ಅರ್ಧ ನಿಂತೇ ಮುಗಿಸುತ್ತಿದ್ದ. ಅವನ ಓದುವ ಕೋಣೆಯಲ್ಲಿ ಕಿಟಕಿಯಿಂದ ಒಲೆಯವರೆಗೆ ಹಲಗೆ ಸವೆದು ತೊಟ್ಟಿಲ ತಳದಂತೆ ಬಾಗಿತ್ತು.

ಮಗಳು ಲೊಯಿಸ್ ಬಾಗಿಲು ತಳ್ಳಿಕೊಂಡು ಬಂದಳು. ಮೂವತ್ತೈದರ ಹೆಂಗಸು, ನ್ಯಾಶುವಾ ಊರಿನಿಂದ ಮೂವರು ಮಕ್ಕಳನ್ನು ಎಳೆದುಕೊಂಡು ನಿನ್ನೆ ಬಂದಿದ್ದಳು.

"ಅಮ್ಮಾ, ಜಡ್ಜ್ ಫಾಲನ್ಸ್‌ಬಿ ಬಂದ್ರು. ಕಾಂಕರ್ಡಿನ ಶಾಸನಸಭೆಯಿಂದ ಮೂರು ಜನ ಬಂದಿದಾರೆ. ಟೋಪಿ ಎಲ್ಲಿಡೋದು ಅಂತಿದಾರೆ."

"ತಲೆ ಮೇಲೆ ಇಟ್ಕೊಳ್ಳಲಿ. ಮನೇಲಿ ಬೇರೆ ಜಾಗ ಇಲ್ಲ."

ಲೊಯಿಸ್ ನಗಲಿಲ್ಲ. ಅವಳ ಕಣ್ಣು ತಾಯಿಯ ಏಪ್ರನ್ನಿನ ಜೇಬಿನ ಮೇಲಿತ್ತು. ಕೆಂಪು ದಾರ ಕಟ್ಟಿದ, ಮೂರು ಮಡಿಕೆಯ ಕಾಗದವೊಂದು ಅಲ್ಲಿಂದ ಇಣುಕುತ್ತಿತ್ತು.

"ಅದನ್ನ ಒಲೆಗೆ ಹಾಕು ಅಂದಿದ್ನಲ್ಲಮ್ಮ."

"ಹಾಕೋಳೇ ಆಗಿದ್ರೆ ನಿಂಗೆ ತೋರಿಸ್ತಿದ್ನಾ?"

"ಹೋಗ್ಲಿ, ಕೊಡೋದೇ ಆದ್ರೆ ಹಿಂದುಗಡೆ ಬರೆದಿರೋದನ್ನ ಚಾಕೂಲಿ ಕೆರೆದು ಕೊಡು."

"ನೋಡಿದೆ ಕೆರೆದು. ಹಿಂದೆ ಕೆರೆದ್ರೆ ಮುಂದೆ ತೂತಾಗುತ್ತೆ."

ಮೂರು ದಿನದ ಹಿಂದೆ ಅಸಾಹೆಲ್ ಇದೇ ಕಾಗದದ ಸುದ್ದಿ ಎತ್ತಿದ್ದ. ಉಸಿರು ಎಳೆಯುತ್ತಿತ್ತು. "ಕಬ್ಬಿಣದ ಪೆಟ್ಟಿಗೇಲಿದೆ. ಸ್ಮಶಾನದ ಪತ್ರ. ಗೋಡೆ ತಪ್ಪು ಜಾಗದಲ್ಲಿದೆ, ಜಿಲ್ಫಾ. ಎನೋಸ್ ಮೊದಲಿಂದ್ಲೂ ಒಳಗೇ ಇದಾನೆ." ಆಮೇಲೆ ಕಣ್ಣು ಮುಚ್ಚಿಕೊಂಡೇ, "ಜನದ ಮುಂದೆ ಇಡು, ಇಲ್ಲಾ ಸುಟ್ಟುಬಿಡು. ನಿನ್ನಿಷ್ಟ" ಎಂದ.

ನಿನ್ನಿಷ್ಟ! ನಲವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ, ಹೋಗುವಾಗ ತನ್ನ ಗಂಟನ್ನು ಹೆಂಡತಿಯ ತಲೆಗೆ ಕಟ್ಟಿ ಹೋದ.

ಪತ್ರವನ್ನು ಜನದ ಮುಂದೆ ಇಟ್ಟರೆ ಎನೋಸ್ ಒಳಗೆ ಬರುತ್ತಾನೆ. ಆದರೆ ಅದರ ಬೆನ್ನು ತಿರುಗಿಸಿದ ಯಾರಿಗೇ ಆಗಲಿ ಅಸಾಹೆಲ್ ಥ್ರಾಲ್ ಏನು ಮಾಡಿದ್ದ ಎಂದು ಗೊತ್ತಾಗುತ್ತದೆ. ಯಾವ ಕಾಗದ ಓದಿದರೂ ಅದರ ಬೆನ್ನಿಗೆ "ನೋಡಿದೆ" ಎಂದು ಬರೆದು ತಾರೀಕು ಹಾಕದೆ ಕೆಳಗಿಡುತ್ತಿರಲಿಲ್ಲ ಅವನು. ಕಿರಾಣಿ ಅಂಗಡಿಯ ಚೀಟಿಗೂ ತಾರೀಕು. ಈ ಪತ್ರದ ಬೆನ್ನಿಗೆ ಇಪ್ಪತ್ತೇಳು ತಾರೀಕುಗಳಿದ್ದವು.

"ಅಪ್ಪನ ಹೆಸರು ಇವತ್ತೊಂದು ದಿನ ಉಳೀಲಿ ಬಿಡಮ್ಮ" ಎಂದಳು ಲೊಯಿಸ್. "ಆ ಹುಡುಗ ಸತ್ತು ಯಾವ ಕಾಲ ಆಯ್ತು. ಅವನಿಗೆ ಈಗ ಒಳಗೇನು, ಹೊರಗೇನು?"

"ಅವನಿಗೇನೂ ಇಲ್ಲ."

"ಮತ್ತೆ?"

ಜಿಲ್ಫಾ ಪಟ್ಟಿಯನ್ನು ಮತ್ತೊಮ್ಮೆ ಒತ್ತಿದಳು. ಗುಂಡಿ ಕೊನೆಗೂ ಕೂತಿತು. ಅಡುಗೆಕೋಣೆಯಿಂದ ತಟ್ಟೆ ಪೇರಿಸುವ ಸದ್ದು ಬರುತ್ತಿತ್ತು, ಒಂದರ ಮೇಲೊಂದು.

*

ಅಸಾಹೆಲ್, ಜಿಲ್ಫಾ ಮದುವೆಯಾದದ್ದು ಸಾವಿರದ ಎಂಟುನೂರ ನಲವತ್ತಾರರಲ್ಲಿ. ಮರುವರ್ಷ ಮಾರ್ಚಿಯ ಊರಸಭೆಯಲ್ಲಿ ಅಸಾಹೆಲನನ್ನು ಹಂದಿ ಅಮಲ್ದಾರನನ್ನಾಗಿ ಆರಿಸಿದರು. ಹೊಸ ಮದುಮಕ್ಕಳನ್ನು ತಮಾಷೆಗೆಂದು ಆ ಕೆಲಸಕ್ಕೆ ನೇಮಿಸುವುದು ಊರಿನ ರೂಢಿ. ತಪ್ಪಿಸಿಕೊಂಡ ಹಂದಿ ಹಿಡಿದು ದೊಡ್ಡಿಗೆ ತರಬೇಕು. ಬೇರೆಯವರು ನಕ್ಕು ಸುಮ್ಮನಾಗುತ್ತಿದ್ದರು. ಅಸಾಹೆಲ್ ಮಾತ್ರ ಹಂದಿಯ ಕಾನೂನನ್ನೆಲ್ಲ ಓದಿ, ಡೀಕನ್ ಹಾಯ್ಟನ ಹೆಣ್ಣುಹಂದಿಯನ್ನು ಎರಡು ಹರದಾರಿ ಅಟ್ಟಿಸಿಕೊಂಡು ಹೋಗಿ, ಕೆಸರಿನಲ್ಲಿ ಹೊರಳಿ, ಹಿಡಿದು ತಂದ. ಹಾಯ್ಟ್ ಚರ್ಚಿನ ಹಿರಿಯ; ಅಣ್ಣತಮ್ಮಂದಿರು, ಮಕ್ಕಳು, ಅಳಿಯಂದಿರು ಸೇರಿ ಅವನ ಕಡೆ ನಲವತ್ತು ಓಟು. ಅವನು ಹೊಟ್ಟೆ ಹಿಡಿದು ನಕ್ಕಿದ್ದ. "ಹಂದಿ ಹಿಡಿಯೋನು ಒಂದಿನ ಕಾಂಕರ್ಡಿಗೂ ಹೋಗ್ತಾನೆ, ಬರೆದಿಟ್ಕೊಳ್ಳಿ" ಎಂದಿದ್ದ.

ಎರಡು ವರ್ಷ ಕಳೆದು ಎನೋಸ್ ಪೈಕನ ಮೊಕದ್ದಮೆ ಬಂತು. ಹತ್ತೊಂಬತ್ತರ ಹುಡುಗ, ಮರ ಕೊಯ್ಯುವ ಕಾರ್ಖಾನೆಯಲ್ಲಿ ಜಗಳ ಹತ್ತಿ, ದಿಮ್ಮಿ ಉರುಳಿಸುವ ಗಳದಿಂದ ಮೇಸ್ತ್ರಿಯ ತಲೆಗೆ ಹೊಡೆದು ಕೊಂದಿದ್ದ. ತಪ್ಪೊಪ್ಪಿಕೊಂಡರೆ ಜೈಲು, ಜೀವ ಉಳಿಯುತ್ತದೆ ಎಂದು ಸರ್ಕಾರಿ ವಕೀಲ ಹೇಳಿ ಕಳಿಸಿದ. "ಬೇಡ, ನಾನು ಬಿಡಿಸ್ತೀನಿ" ಎಂದ ಅಸಾಹೆಲ್. ಅದು ಅವನ ಮೊದಲ ಕೊಲೆ ಕೇಸು. ಮೂರು ಗಂಟೆ ಮಾತಾಡಿದ. ಜನ ಮರುದಿನವೂ ಆ ಭಾಷಣದ ಮಾತೇ ಆಡುತ್ತಿದ್ದರು. ಜ್ಯೂರಿಯವರು ಒಳಗೆ ಹೋಗಿ, ಒಂದು ಚಿಲುಮೆ ಸೇದಿ ಮುಗಿಸುವಷ್ಟರಲ್ಲಿ ಹೊರಗೆ ಬಂದರು.

ಡಿಸೆಂಬರಿನಲ್ಲಿ ಗಲ್ಲಾಯಿತು. ತಾಯಿ ತಾಮಾರ್ ಪೈಕ್ ಮಗನನ್ನು ಹಿಮಗಾಡಿಯಲ್ಲಿ ಮಲಗಿಸಿಕೊಂಡು ತಾನೇ ಊರಿಗೆ ಎಳೆದುಕೊಂಡು ಬಂದಳು. ಗಲ್ಲಿಗೇರಿದವನಿಗೆ ಸ್ಮಶಾನದಲ್ಲಿ ಜಾಗವಿಲ್ಲ ಎಂದರು ಊರ ಹಿರಿಯರು. ಸ್ಮಶಾನದ ಕೆಳಗಿನ ಕಲ್ಲುಗೋಡೆಯಾಚೆ, ಹಾಯ್ಟನ ದನ ಮೇಯುವ ಜೌಗಿನಲ್ಲಿ, ನೆಲದ ಮೇಲೆ ಬೆಂಕಿ ಹಾಕಿ ಹೆಪ್ಪು ಕರಗಿಸಿ ಗುಂಡಿ ತೋಡಿದರು. ಅಷ್ಟಕ್ಕೆ ಹಾಯ್ಟ್ ಒಪ್ಪಿದ. ದೊಡ್ಡ ಮನಸ್ಸು ಎಂದು ಊರು ಹೊಗಳಿತು.

ಅಲ್ಲೇ, ಬೂದಿಯ ಪಕ್ಕದಲ್ಲಿ, ಕೈಕೂಸು ಲೊಯಿಸಳನ್ನು ಎತ್ತಿಕೊಂಡು ಜಿಲ್ಫಾ ನಿಂತಿದ್ದಾಗ ಅಸಾಹೆಲ್ ಆ ಮಾತು ಕೊಟ್ಟ. ತಾಮಾರ್ ಅವನ ಮುಖ ನೋಡಿದಳು. "ನೀವು ಮಾತು ಚೆನ್ನಾಗಾಡ್ತೀರಿ, ವಕೀಲರೇ" ಎಂದಳು. ಅಷ್ಟೇ. ಮುಂದೆ ಒಂದು ದಿನವೂ ಅದನ್ನು ನೆನಪಿಸಲಿಲ್ಲ.

ಮಾರ್ಚಿಯ ಊರಸಭೆಯಲ್ಲಿ ಏಳನೆಯ ವಿಷಯ, ಮಗನನ್ನು ಗೋಡೆಯ ಒಳಗೆ ಮಲಗಿಸಲು ಬಿಡಿ ಎಂಬ ತಾಮಾರಳ ಅರ್ಜಿ. ಎಂಟನೆಯದು ಶಾಸನಸಭೆಗೆ ಊರಿನ ಪ್ರತಿನಿಧಿಯ ಆಯ್ಕೆ. ಹಾಯ್ಟ್ ಅಸಾಹೆಲನ ಹೆಸರು ಸೂಚಿಸುವವನಿದ್ದ. ಹೆಂಗಸರು ಹಿಂಬಾಗಿಲಲ್ಲಿ ಬೇಯಿಸಿದ ಕಾಳಿನ ಮಡಕೆಗಳನ್ನು ಇಟ್ಟುಕೊಂಡು ಊಟದ ಹೊತ್ತಿಗೆ ಕಾಯುತ್ತಿದ್ದರು. ಜಿಲ್ಫಾ ಬಾಗಿಲ ಸಂದಿಯಿಂದ ನೋಡಿದಳು. "ಏಳನೇದರ ಮೇಲೆ ಯಾರಾದ್ರೂ ಮಾತಾಡೋರಿದೀರಾ?" ಎಂದು ಅಧ್ಯಕ್ಷ ಎರಡು ಸಲ ಕೇಳಿದ. ಅಸಾಹೆಲ್ ಜೇಬುಗಡಿಯಾರ ತೆಗೆದು ಕೀಲಿ ಕೊಡುತ್ತಿದ್ದ.

ಅರ್ಜಿ ಬಿತ್ತು. ಎಂಟನೆಯದು ಗೆದ್ದಿತು.

"ಮುಂದಿನ ವರ್ಷ" ಎಂದ ಅವನು, ಮನೆಗೆ ಬರುವ ದಾರಿಯಲ್ಲಿ. ಅವಳು ಏನನ್ನೂ ಕೇಳಿರಲಿಲ್ಲ.

*

ಹನ್ನೊಂದು ಗಂಟೆಗೆ ಪ್ರಾರ್ಥನೆ. ಮುಂದಿನ ಕೋಣೆಯಲ್ಲಿ ಹಿಡಿಸದ ಜನ ಮೆಟ್ಟಿಲ ಮೇಲೆ, ಅಂಗಳದಲ್ಲಿ ನಿಂತಿದ್ದರು. ಮೇ ತಿಂಗಳ ಕರಿನೊಣಗಳು ಕಿವಿ, ಕತ್ತು ಬಿಡದೆ ಕಚ್ಚುತ್ತಿದ್ದವು. ದುಃಖದ ಮುಖ ಮಾಡಿದವರೂ ಕೈಬೀಸುತ್ತಲೇ ಇದ್ದರು.

ಕಿಟಕಿ ತೆರೆದಿದ್ದರಿಂದ ಅಂಗಳದ ಮಾತು ಜಿಲ್ಫಾಳಿಗೆ ಕೇಳುತ್ತಿತ್ತು.

"ನಮ್ಮ ಜಿಲ್ಲೇಲಿ ದಾರಿ ಕವಲಾದ ಕಡೆಯೆಲ್ಲ ಕೈಮರ ಇದೆಯಲ್ಲ, ಅದು ಇವರ ಕಾನೂನೇ."

"ಮತ್ತೆ ನಮ್ಮ ಮಾವ ದಾರಿ ತಪ್ಪಿ ವರ್ಮಾಂಟಿಗೆ ಹೋದ್ನಲ್ಲ?"

"ನಿಮ್ಮಾವನಿಗೆ ಓದಕ್ಕೆ ಬರಲ್ಲ. ಅದಕ್ಕೆ ಕಾನೂನು ಏನ್ಮಾಡುತ್ತೆ?"

"ಏನೇ ಅನ್ನು, ಗಟ್ಟಿ ಮನುಷ್ಯ. ಆದ್ರೆ ಒಂದು ಗಮನಿಸಿದೀಯಾ? ಯಾರ ಮಣ್ಣಿಗೆ ಬಂದ್ರೂ ಸ್ಮಶಾನದ ಗೇಟಿನಾಚೆ ಕಾಲಿಡ್ತಿರಲಿಲ್ಲ. ಟೋಪಿ ತೆಗೆದು ಹೊರಗೇ ನಿಂತಿರೋರು."

"ಮಂಡಿನೋವು. ತೇವ ಆಗ್ತಿರಲಿಲ್ಲ."

ಮಂಡಿನೋವು. ಊರಿಗೆ ಹೇಳಿದ್ದು ಅದೇ. ಐವತ್ತಮೂರರಲ್ಲಿ ಅವರ ಹನ್ನೊಂದು ತಿಂಗಳ ಮಗು ಕೇಲೆಬ್ ಹೋದಾಗ, ಮೂರಡಿ ಉದ್ದದ ಪೆಟ್ಟಿಗೆಯ ಹಿಂದೆ ಜಿಲ್ಫಾ ಒಬ್ಬಳೇ ನಡೆದಿದ್ದಳು. ತಿರುಗಿ ನೋಡಿದರೆ ಅವನು ಗೇಟಿನಲ್ಲಿ, ಬರಿತಲೆಯಲ್ಲಿ, ಅತ್ತಿಂದಿತ್ತ ನಡೆಯುತ್ತಿದ್ದ. ಅವತ್ತು ಅವನಿಗೆ ಮೂವತ್ತೈದು ವರ್ಷ. ಯಾವ ಮಂಡಿಗೂ ನೋವಿರಲಿಲ್ಲ. ಕೊಟ್ಟ ಮಾತಿಗಾಗಿ ಎದ್ದು ನಿಂತು ಎರಡು ಮಾತಾಡಲಾರ. ಆದರೆ ಅದರ ಹೆಸರಿನಲ್ಲಿ ಸ್ವಂತ ಮಗುವಿಗೆ ಮಣ್ಣು ಹಾಕದೆ ನಿಲ್ಲಬಲ್ಲ. ಅದನ್ನು ಅವಳು ಕ್ಷಮಿಸಿರಲಿಲ್ಲ. ಇವತ್ತಿಗೂ ಇಲ್ಲ.

ಜಡ್ಜ್ ಫಾಲನ್ಸ್‌ಬಿ ಎದ್ದು ಕನ್ನಡಕ ಸರಿಮಾಡಿಕೊಂಡು ವಕೀಲರ ಸಂಘದ ಸಂತಾಪ ನಿರ್ಣಯ ಓದಿದ. ದಪ್ಪ ಮನುಷ್ಯ, ಒಳ್ಳೆಯ ಗಂಟಲು. "...ಹದಿನಾಲ್ಕು ಅಧಿವೇಶನಗಳಲ್ಲಿ ಈ ಊರಿನ ದನಿಯಾಗಿದ್ದ, ಬಡವರ ಪರ ನಿಂತ, ಕೊಟ್ಟ ಮಾತಿಗೆ ಎಂದೂ ತಪ್ಪದ..."

ಅಡುಗೆಕೋಣೆಯಲ್ಲಿ ತಟ್ಟೆಯ ಸದ್ದು ನಿಂತಿತು.

ಜಿಲ್ಫಾ ಕಾದಳು. ಬೇರೆ ಯಾರೂ ಗಮನಿಸಿರಲಿಕ್ಕಿಲ್ಲ. ಜಡ್ಜ್ ಮುಂದಿನ ಸಾಲು ಓದಿದ, ಅದರ ಮುಂದಿನದನ್ನೂ ಓದಿದ. ಆಮೇಲೆ ತಟ್ಟೆಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ. ಯಾರದೋ ಮನೆಯಲ್ಲಿ ಮಲಗಿರುವವರನ್ನು ಎಬ್ಬಿಸಬಾರದು ಎನ್ನುವ ಹಾಗೆ.

ಜಿಲ್ಫಾಳ ಕೈ ಜೇಬಿಗೆ ಹೋಯಿತು. ಪಕ್ಕದಲ್ಲಿದ್ದ ಲೊಯಿಸ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೋಡಿದವರಿಗೆ ಮಗಳು ತಾಯಿಯನ್ನು ಸಮಾಧಾನ ಮಾಡುತ್ತಿದ್ದಂತೆ ಕಂಡಿತು.

*

ಐವತ್ತೆಂಟರ ಅಕ್ಟೋಬರಿನಲ್ಲಿ ಒಂದು ಸಂಜೆ ಅಸಾಹೆಲ್ ಮೊಣಕಾಲ ತನಕ ಕೆಸರು ಮಾಡಿಕೊಂಡು ಶಿಳ್ಳೆ ಹಾಕುತ್ತ ಮನೆಗೆ ಬಂದಿದ್ದ. ಹಾಯ್ಟನಿಗೆ ಇನ್ನೊಬ್ಬ ನೆರೆಯವನ ಜೊತೆ ಗಡಿ ತಕರಾರು; ಅಟ್ಟದ ಮೇಲಿದ್ದ ಅಜ್ಜನ ಕಾಲದ ಕಾಗದಗಳನ್ನು ಮೂಟೆ ಕಟ್ಟಿ ಅಸಾಹೆಲನ ಮುಂದೆ ಸುರಿದಿದ್ದ. "ಓದೋ ತಾಳ್ಮೆ ನಂಗಿಲ್ಲ ವಕೀಲರೇ, ಬೇಕಾದ್ದು ಹೆಕ್ಕಿಕೊಳ್ಳಿ" ಎಂದಿದ್ದ.

"ಏನು, ಹಂದಿ ಸಿಕ್ತಾ?" ಎಂದು ಜಿಲ್ಫಾ ಛೇಡಿಸಿದಳು.

"ಹಂದಿಗಿಂತ ದೊಡ್ಡದು" ಎಂದು ನಕ್ಕ. ಅಷ್ಟು ಹಗುರವಾಗಿ ನಕ್ಕದ್ದನ್ನು ಅವಳು ವರ್ಷಗಳಿಂದ ಕಂಡಿರಲಿಲ್ಲ. ಊಟಕ್ಕೆ ಕೂತ. ನಿಜವಾಗಿ ಕೂತ. ಆದರೆ ಎರಡನೆಯ ತುತ್ತಿಗೆ ಕೈ ನಿಂತಿತು. "ಕಕ್ಷಿದಾರನ ಕಾಗದ, ಅವನ ಮೇಲೇ ಹೇಗೆ ತೆಗೀಲಿ" ಎಂದು ತನಗೆ ತಾನೇ ಅಂದುಕೊಂಡ. ಎದ್ದ. ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ.

ಅಲ್ಲಿಂದ ಪ್ರತಿ ಮಾರ್ಚಿಯಲ್ಲೂ ಊರಸಭೆಯ ಹಿಂದಿನ ದಿನ ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ತೆರೆಯುವ ಸದ್ದು ಅವಳಿಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಲೇಖನಿಯ ಸದ್ದು. ಆಮೇಲೆ ಮುಚ್ಚಳ ಹಾಕಿಕೊಳ್ಳುತ್ತಿತ್ತು, ನಡಿಗೆ ಶುರುವಾಗುತ್ತಿತ್ತು. ಮರುದಿನ ಹಾಯ್ಟನ ನಲವತ್ತು ಕೈ ಮೇಲೇಳುತ್ತಿದ್ದವು. ಚುನಾವಣೆ ಚಿಂತೆ ಎಂದುಕೊಂಡಿದ್ದಳು ಅವಳು.

*

ಸ್ಮಶಾನ ಮನೆಯಿಂದ ಕೂಗಳತೆ. ಆರು ಜನ ಪೆಟ್ಟಿಗೆ ಹೊತ್ತರು, ಹಾಯ್ಟನ ಇಬ್ಬರು ಗಂಡುಮಕ್ಕಳೂ ಅದರಲ್ಲಿದ್ದರು. ಕೆಸರಿನ ದಾರಿಯಲ್ಲಿ ಜಡ್ಜ್ ಫಾಲನ್ಸ್‌ಬಿಯ ಬೂಟು ಪ್ರತಿ ಹೆಜ್ಜೆಗೂ ಚಪ್ಪರಿಸುತ್ತಿತ್ತು. ಎಲ್ಲರ ಹಿಂದೆ, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ, ಕೋಲೂರಿಕೊಂಡು ತಾಮಾರ್ ಬರುತ್ತಿದ್ದಳು. ಎಂಬತ್ತು ದಾಟಿತ್ತು. ಊರಿಗೆಲ್ಲ ಪೈಕಮ್ಮ.

ಗೇಟಿನ ಬಳಿ ಜೋಥಮ್ ಕರಿಯರ್ ಸನಿಕೆ ಹಿಡಿದು ನಿಂತಿದ್ದ. ಗುಂಡಿ ತೋಡುವವನೂ ಅವನೇ. ಯಾರ ಬೇಲಿ ಎಲ್ಲಿಗೆ ಎಂದು ತೀರ್ಮಾನ ಹೇಳಲು ಊರಸಭೆ ವರ್ಷ ವರ್ಷ ಆರಿಸುವ ಬೇಲಿ ಪಂಚನೂ ಅವನೇ.

"ಬನ್ನಿ, ಎಲ್ಲ ತಯಾರಿದೆ. ಒಣಗಿದ ಜಾಗ ನೋಡಿ ತೋಡಿದೀನಿ. ವಕೀಲರ ಮಂಡಿಗೆ ಆಗಿಬರ್ಬೇಕಲ್ಲ."

ಹೊತ್ತವರು ಗೇಟಿಗೆ ಎರಡು ಹೆಜ್ಜೆ ದೂರವಿದ್ದರು. ಆಮೇಲೆ ಕೇಳಿದವರಿಗೆಲ್ಲ ಜಿಲ್ಫಾ ಹೇಳಿದ್ದು ಒಂದೇ: ತಾನು ಏನೂ ತೀರ್ಮಾನ ಮಾಡಿರಲಿಲ್ಲ, ಕಾಲು ತಾನಾಗಿ ಮುಂದೆ ಹೋಯಿತು. ಲೊಯಿಸಳ ಕೈ ಬಿಡಿಸಿಕೊಂಡು ಹೋಗಿ ಗೇಟಿಗೆ ಬೆನ್ನು ಕೊಟ್ಟು ನಿಂತಳು.

"ಇಳಿಸಿ" ಎಂದಳು.

"ಅಮ್ಮಾ!" ಎಂದಳು ಲೊಯಿಸ್.

"ಇಳಿಸಿ ಅಂದೆ. ಇವರು ಒಳಗೆ ಹೋಗೋ ಹಾಗಿಲ್ಲ. ಎನೋಸ್ ಪೈಕ್ ಹೊರಗಿರೋ ತನಕ ಒಳಗೆ ಮಲಗಲ್ಲ ಅಂತ ಮಾತು ಕೊಟ್ಟಿದ್ರು. ಪೈಕಮ್ಮನಿಗೆ. ನಾನೂ ಇದ್ದೆ."

ಪೆಟ್ಟಿಗೆ ಕೆಳಗಿಳಿಯಿತು. ಯಾರೋ ಕೆಮ್ಮಿದರು. ಡೀಕನ್ ಹಾಯ್ಟ್ ಮುಂದೆ ಬಂದ. ಮುದುಕನಾದರೂ ಬೆನ್ನು ಬಾಗಿರಲಿಲ್ಲ.

"ತಂಗೀ, ದುಃಖದಲ್ಲಿ ಏನೇನೋ ಹೇಳ್ತಿದೀಯ. ಮನೆಗೆ ಹೋಗು, ಮುಂದಿನದು ನಾವು ನೋಡ್ಕೊತೀವಿ."

ಜಿಲ್ಫಾ ಜೇಬಿನಿಂದ ಕಾಗದ ತೆಗೆದು ಅವನ ಕೈಗೇ ಇಟ್ಟಳು. "ಇದು ನಿಮ್ಮ ಮನೆ ಕಾಗದ, ಡೀಕನ್ನರೇ. ನಿಮ್ಮ ಅಜ್ಜ ಊರಿಗೆ ಸ್ಮಶಾನ ದಾನ ಮಾಡಿದ ಪತ್ರ. ಐವತ್ತೆಂಟರಲ್ಲಿ ನೀವು ಕೊಟ್ಟ ಮೂಟೇಲಿತ್ತು. ವಾಪಸ್ ತಗೊಳ್ಳಿ. ಎಲ್ಲರಿಗೂ ಕೇಳೋ ಹಾಗೆ ಓದಿ."

ಅಜ್ಜನ ಹೆಸರು ಬಂದದ್ದಕ್ಕೆ ಹಾಯ್ಟ್ ಎದೆಯುಬ್ಬಿಸಿದ. ಓದಲು ಶುರುಮಾಡಿದ, ಚರ್ಚಿನಲ್ಲಿ ಓದುವ ದನಿಯಲ್ಲೇ. ಡ್ರೇಟನ್ ಊರಿನ ಸತ್ತವರಿಗಾಗಿ, ಯಾರನ್ನೂ ಹೊರಗಿಡದೆ, ಎಂದೆಂದಿಗೂ, ಮೇಲಿನ ದಾರಿಯಿಂದ ಕೆಳಗಿನ ಹಳ್ಳದವರೆಗೆ...

ನಿಲ್ಲಿಸಿದ.

ಎಲ್ಲರೂ ಕೆಳಗೆ ನೋಡಿದರು. ಗೋಡೆ ಇತ್ತು. ಗೋಡೆಯಾಚೆ ನಲವತ್ತು ಹೆಜ್ಜೆ ಜೌಗುನೆಲ, ಹಾಯ್ಟನ ಕಂದು ದನಗಳು. ಅದರಾಚೆ ಹಳ್ಳ ಹರಿಯುತ್ತಿತ್ತು.

"ಹಳ್ಳದವರೆಗೆ" ಎಂದ ಜೋಥಮ್. ಗಲ್ಲ ಕೆರೆದುಕೊಂಡ. "ನಮ್ಮ ತಾತ ಹೇಳ್ತಿದ್ದ. ಆ ಗೋಡೆ ಕಟ್ಟುವಾಗ ಹಿಮ ಕರಗೋ ಕಾಲವಂತೆ. ಕಲ್ಲು ಎಳೀತಿದ್ದ ಎತ್ತು ಹೊಟ್ಟೆ ತನಕ ಹೂತುಹೋಯ್ತಂತೆ. ಇಲ್ಲೇ ಸಾಕು, ಮುಂದಿಂದು ಬೇಸಿಗೇಲಿ ಅಂದ್ರಂತೆ." ಸ್ವಲ್ಪ ತಡೆದು ಹೇಳಿದ: "ಬೇಸಿಗೇಲಿ ಹುಲ್ಲು ಕೊಯ್ಯೋ ಕೆಲಸ ಇರುತ್ತೆ."

"ಎಂಬತ್ತು ವರ್ಷದಿಂದ ನಮ್ಮ ದನ ಮೇಯ್ತಿವೆ ಅಲ್ಲಿ" ಎಂದ ಹಾಯ್ಟ್.

"ಮೇಯ್ದವು. ನಿಮ್ಮಜ್ಜ ಕೊಟ್ಟಿದ್ದನ್ನ ನಿಮ್ಮ ದನ ಮೇಯ್ದವು." ಜೋಥಮ್ ಅವನ ಭುಜದ ಮೇಲಿಂದ ಬಗ್ಗಿ ನೋಡಿದ. "ಹಿಂದೆ ಏನೋ ಬರೆದಿದೆಯಲ್ಲ. ತಿರುಗಿಸಿ."

ಲೊಯಿಸ್ ಮುಖ ಮುಚ್ಚಿಕೊಂಡಳು.

ಹಾಯ್ಟ್ ತಿರುಗಿಸಿದ, ಜೋಥಮ್ ಓದಿದ. "ವಕೀಲರ ಕೈಬರಹ. ನೋಡಿದೆ, ಅಕ್ಟೋಬರ್ ಐವತ್ತೆಂಟು. ನೋಡಿದೆ, ಮಾರ್ಚಿ ಐವತ್ತೊಂಬತ್ತು. ನೋಡಿದೆ, ಮಾರ್ಚಿ ಅರವತ್ತು. ಅರವತ್ತೊಂದು..." ಓದುತ್ತ ಓದುತ್ತ ಅವನ ದನಿ ಇಳಿಯಿತು. ಪಟ್ಟಿ ಕೆಳಗಿನ ಅಂಚಿನವರೆಗೂ ಇತ್ತು. ಕೊನೆಯದು ಎರಡು ತಿಂಗಳ ಹಿಂದಿನದು, ಅಕ್ಷರ ನಡುಗಿದ್ದವು. ಜೋಥಮ್ ಅದನ್ನು ಓದಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಜನ ಪೆಟ್ಟಿಗೆಯ ಕಡೆ ನೋಡಲಾರದೆ ಬೂಟು ನೋಡಿಕೊಂಡರು. ಜಡ್ಜ್ ಫಾಲನ್ಸ್‌ಬಿಯ ಎದೆಯ ಜೇಬಿನಲ್ಲಿ ಸಂತಾಪ ನಿರ್ಣಯದ ಮೂಲೆ ಕಾಣುತ್ತಿತ್ತು. ಅವನು ಬೆರಳಿನಿಂದ ಅದನ್ನು ಒಳಗೆ ತಳ್ಳಿದ.

ತಾಮಾರ್ ಕೋಲೂರಿಕೊಂಡು ಮುಂದೆ ಬಂದಳು. ಜನ ದಾರಿ ಬಿಟ್ಟರು.

"ಐವತ್ತೆಂಟಾ?" ಎಂದಳು.

"ಹೂಂ ಪೈಕಮ್ಮ" ಎಂದಳು ಜಿಲ್ಫಾ.

"ಆಗ ನನ್ನ ಕಾಲು ಗಟ್ಟಿ ಇತ್ತು." ಕೋಲಿನ ತುದಿಯನ್ನು ಕೆಸರಿನಿಂದ ಕಿತ್ತು ಬೇರೆ ಕಡೆ ಊರಿದಳು. "ಭಾನುವಾರ ಭಾನುವಾರ ಗೋಡೆ ಹತ್ತಿ ಇಳೀತಿದ್ದೆ. ದನ ಓಡ್ಸಿ ಬರ್ತಿದ್ದೆ. ಈಗ ಆ ಗೋಡೆ ಹತ್ತಕ್ಕಾಗದೆ ಆರು ವರ್ಷ ಆಯ್ತು."

ಜಿಲ್ಫಾಳಿಗೆ ಏನಾದರೂ ಹೇಳಬೇಕೆನಿಸಿತು. ಗಂಡನ ಪರವಾಗಿಯೋ, ತನ್ನ ಪರವಾಗಿಯೋ. ಆದರೆ ಅವಳೂ ಪ್ರತಿ ಮಾರ್ಚಿಯಲ್ಲಿ ಆ ಮುಚ್ಚಳದ ಸದ್ದು ಕೇಳಿದ್ದಳು. ಒಂದು ಸಲವೂ ಎದ್ದು ಹೋಗಿ ಏನದು ಎಂದು ಕೇಳಿರಲಿಲ್ಲ.

ಹಾಯ್ಟ್ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. "ಇದೆಲ್ಲ ಕೋರ್ಟಿನಲ್ಲಿ ನೋಡೋಣ."

"ನೋಡೋಣ" ಎಂದ ಜಡ್ಜ್, ನೊಣ ಓಡಿಸುತ್ತ. "ನನ್ನ ಮುಂದೇನೇ ಬರೋದು. ಆ ಕಾಗದ ಜೋಪಾನ ಡೀಕನ್, ಇನ್ನೂರು ಜನ ಕೇಳಿಸ್ಕೊಂಡಿದಾರೆ."

ಹಾಯ್ಟ್ ಹೊರಟುಹೋದ. ಅವನ ಕಡೆಯವರಲ್ಲಿ ಅರ್ಧದಷ್ಟು ಜನ ಹಿಂದೆಯೇ ನಡೆದರು. ಪೆಟ್ಟಿಗೆ ಹೊತ್ತಿದ್ದ ಅವನ ಇಬ್ಬರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಲ್ಲೇ ನಿಂತರು. ಹೊತ್ತ ಹೆಣವನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದು ಹೇಗೆ ಎಂಬುದಷ್ಟೇ ಅವರ ಸಂಕಟವಿದ್ದಿರಬಹುದು.

"ಸರಿ. ಬೇಲಿ ಪಂಚ ಏನಂತಾನೆ?" ಎಂದು ಜಿಲ್ಫಾ ಕೇಳಿದಳು.

ಜೋಥಮ್ ಸನಿಕೆಯನ್ನು ನೆಲಕ್ಕೆ ಕುಟ್ಟಿದ. "ಬೇಲಿ ಪಂಚ ಅನ್ನೋದೇನಂದ್ರೆ, ಗೋಡೆ ತಪ್ಪು ಜಾಗದಲ್ಲಿದೆ. ಗಡಿ ಹಳ್ಳ."

"ಹಾಗಾದ್ರೆ ತೆಗೀರಿ."

"ಇವತ್ತಾ? ಅಮ್ಮಾ, ಅರವತ್ತು ಹೆಜ್ಜೆ ಗೋಡೆ ಅದು."

"ಹುಡುಗನ ಮುಂದಿರೋ ಅಷ್ಟು ತೆಗೀರಿ. ಆ ಕಲ್ಲನ್ನ ಹಳ್ಳದ ದಡಕ್ಕೆ ಸಾಲಾಗಿಡಿ."

"ಕಾನೂನಿನ ಪ್ರಕಾರ ಬೇಲಿ ನಾಲ್ಕಡಿ ಎತ್ತರ ಇರ್ಬೇಕು."

"ಬೇಲಿಗೆ. ಗಡಿ ತೋರಿಸಕ್ಕೆ?"

ಜೋಥಮ್ ಯೋಚಿಸಿದ. "ಗಡಿಗೆ ಒಂದು ಕಲ್ಲು ಸಾಕು."

ಅವನೇ ಮೊದಲ ಕಲ್ಲು ಎಳೆದ. ಕರಿಕೋಟುಗಳು ಗೇಟಿನ ಕಂಬಕ್ಕೆ ನೇತುಬಿದ್ದವು. ಕಲ್ಲು ಕೈಯಿಂದ ಕೈಗೆ ಸಾಗಿದವು. ಜೌಗಿನಲ್ಲಿ ಪಾದ ಹೂತು ಒಬ್ಬನ ಬೂಟು ಅಲ್ಲೇ ಉಳಿಯಿತು, ಉಳಿದವರು ನಕ್ಕರು, ಸಾವಿನ ಮನೆ ನೆನಪಾಗಿ ನಗು ನುಂಗಿಕೊಂಡರು. ಜಡ್ಜ್ ಕೂಡ ಎರಡು ಕಲ್ಲು ಹೊತ್ತು, ಮೂರನೆಯದಕ್ಕೆ ಉಸಿರು ಕಟ್ಟಿ, ಜಿಲ್ಫಾಳ ಪಕ್ಕ ಬಂದು ನಿಂತ.

"ಥ್ರಾಲಮ್ಮ, ಆ ನಿರ್ಣಯ ಕೋರ್ಟಿನ ಪುಸ್ತಕಕ್ಕೆ ಏರಬೇಕು. ಮಾತಿಗೆ ತಪ್ಪದ ಅನ್ನೋ ಆ ಒಂದು ಸಾಲು ಹೊಡೆದುಹಾಕ್ಲಾ?"

"ಸ್ವಲ್ಪ ತಡೀರಿ" ಎಂದಳು ಜಿಲ್ಫಾ. "ಕೆಲಸ ಮುಗೀಲಿ."

ಲೊಯಿಸ್ ಮನೆಗೆ ಹೋಗಿ, ಕಾಫಿಯ ದೊಡ್ಡ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ವಾಪಸಾದಳು. ಕಲ್ಲು ಹೊರುತ್ತಿದ್ದವರಿಗೆ ಒಬ್ಬೊಬ್ಬರಿಗಾಗಿ ಸುರಿದುಕೊಟ್ಟಳು. ತಾಯಿಯ ಮುಖ ನೋಡಲಿಲ್ಲ. ಪೆಟ್ಟಿಗೆಯ ಪಕ್ಕ ಹಾದುಹೋಗುವಾಗ ಮಾತ್ರ ಅದರ ಮೇಲೆ ಕೂತ ನೊಣಗಳನ್ನು ಶಾಲಿನ ಅಂಚಿನಿಂದ ಬೀಸಿ ಓಡಿಸಿದಳು.

ಗೋಡೆಯಲ್ಲಿ ಹತ್ತು ಹೆಜ್ಜೆ ಅಗಲದ ಬಾಯಿ ಬಿತ್ತು. ಅದರ ಮೂಲಕ ತಾಮಾರ್ ನಡೆದುಹೋದಳು, ಆರು ವರ್ಷದ ಮೇಲೆ, ಏನನ್ನೂ ಹತ್ತದೆ. ಮಗನ ಗುರುತಿಗೆ ಇದ್ದದ್ದು ಒಂದು ಗುಂಡುಕಲ್ಲು. ಅದರ ಸುತ್ತ ಹುಲ್ಲನ್ನು ದನ ನೆಕ್ಕಿ ನುಣ್ಣಗೆ ಮಾಡಿದ್ದವು. ಆಮೇಲೆ ಆರು ಜನ ಅಸಾಹೆಲ್ ಥ್ರಾಲನನ್ನು ಎತ್ತಿಕೊಂಡು ಗೇಟು ದಾಟಿದರು. ಮಗು ಕೇಲೆಬನ ಪಕ್ಕದ ಗುಂಡಿಗೆ ಇಳಿಸುವಾಗ ಜಿಲ್ಫಾ ಹಗ್ಗದ ಕಡೆ ನೋಡಲಿಲ್ಲ, ಕೆಳಗೆ ಹಳ್ಳದ ಕಡೆ ನೋಡುತ್ತಿದ್ದಳು.

ಹಳ್ಳದ ದಡದಲ್ಲಿ ಒಂದೇ ಸಾಲು ಕಲ್ಲು, ಮೊಣಕಾಲೆತ್ತರವೂ ಇಲ್ಲ. ಕಲ್ಲು ಹೊರುವವರು ಆಚೆಗೆ ಅಟ್ಟಿದ್ದ ಹಾಯ್ಟನ ಕಂದು ಹಸುವೊಂದು ಅದರಾಚೆ ನಿಂತು, ದಾಟಬಹುದೋ ದಾಟಬಾರದೋ ತಿಳಿಯದೆ ಕತ್ತು ಚಾಚಿತ್ತು. ತಾಮಾರ್ ಅಭ್ಯಾಸಬಲದಿಂದ ಕೋಲೆತ್ತಿದಳು. ಎತ್ತಿದವಳು ಹಸು ನಿಂತ ಜಾಗ ನೋಡಿ, ಕಲ್ಲಿನ ಸಾಲು ನೋಡಿ, ಕೋಲನ್ನು ಮೆಲ್ಲಗೆ ಇಳಿಸಿದಳು.

ಆಗ ಮಧ್ಯಾಹ್ನ ಮೂರು ಗಂಟೆ. ಕೊಟ್ಟ ಮಾತು ನಡೆಯಿತು.